ಕೆನ್ನೆಯಷ್ಟು ಜಾಗ

ಬಂದೂಕು ತರಲಿಲ್ಲ ಅವಳು, ಅದರ ಮರ ಮಾತ್ರ ತಂದಳು,
ಟವಲಿನಲ್ಲಿ ಸುತ್ತಿ,
ಮೀಯಿಸಿದ ಕೂಸನ್ನು ಎತ್ತಿಕೊಂಡ ಹಾಗೆ.
ನಳಿಕೆ ಮನೆಯಲ್ಲಿದೆ, ಬೀಗದೊಳಗೆ, ಅಂದಳು
ನಾನು ಕೇಳುವ ಮೊದಲೇ.
ಹೆಸರು ಎನೆಕೆನ್. ಹತ್ತೊಂಬತ್ತು.
ಮೂಗಿನ ತುದಿಯಲ್ಲಿ ಹೋದ ಚಳಿಗಾಲ ಕಚ್ಚಿದ ಗುರುತು.

ಒಟೆಪ್ಯಾದಿಂದ ಟಾರ್ಟುವಿನವರೆಗೆ ನನ್ನ ಕೆಲಸ ಬಲ್ಲರು:
ಮೋಟಾರ್ ಸೈಕಲ್ಲಿನ ಟ್ಯಾಂಕಿಗೆ ಬೆಂಕಿಯ ನಾಲಗೆ,
ಹೆಲ್ಮೆಟ್ಟಿಗೆ ತಲೆಬುರುಡೆ, ಒಮ್ಮೆ
ಪಾದ್ರಿಯ ದೋಣಿಗೆ, ಅವರೇ ಕೇಳಿದ್ದಕ್ಕೆ, ಒಂದು ತಿಮಿಂಗಿಲ.
ಹಿಮದಲ್ಲಿ ಜಾರಿ, ಏರಿ, ಎದೆ ಬಡಿಯುತ್ತಿರುವಾಗಲೇ
ನಿಂತು ಗುರಿ ಹೊಡೆಯುವ ಈ ಮಕ್ಕಳು
ತೋಳ ಕೇಳುತ್ತಾರೆ, ಮಿಂಚು ಕೇಳುತ್ತಾರೆ,
ಎಸ್ಟೋನಿಯದ ಬಾವುಟದ ನೀಲಿ ಕಪ್ಪು ಬಿಳಿ ಕೇಳುತ್ತಾರೆ.
ತೋಳಕ್ಕೆ ನೂರಿಪ್ಪತ್ತು ಯೂರೋ, ಅಂದೆ.
ಹಲ್ಲು ಕಾಣಬೇಕಿದ್ದರೆ ಇನ್ನೂ ಹದಿನೈದು.

ಅವಳು ನಗಲಿಲ್ಲ.
ಬಸ್ಸಿನ ಟಿಕೆಟ್ಟಿನ ಬೆನ್ನಿಗೆ ಐದು ವೃತ್ತ ಬರೆದಳು.
ನಾಲ್ಕನ್ನು ಹಾಗೇ ಬಿಟ್ಟು
ಐದನೆಯದನ್ನು ತಿದ್ದಿ ತಿದ್ದಿ
ಕಾಗದ ಹರಿಯುವಷ್ಟು ಕಪ್ಪು ಮಾಡಿದಳು.

ನನಗೆ ಗೊತ್ತಿತ್ತು. ಊರಿಗೇ ಗೊತ್ತಿತ್ತು.
ಮಾರ್ಚಿನ ಆ ಭಾನುವಾರ, ಕೊನೆಯ ಸರದಿ,
ಒಂದಾದ ಮೇಲೊಂದು ಕಪ್ಪು ಬಿಲ್ಲೆ ಬೆಳ್ಳಗಾಗಿ
ನಾಲ್ಕು. ಬೇಕರಿಯ ಹಿಲ್ಯಾ ಆಗಲೇ ಖುಷಿಗೆ ಅಳುತ್ತಿದ್ದಳು.
ಐದನೆಯದು ಬೆಳ್ಳಗಾಗಲಿಲ್ಲ.
ದಂಡದ ಸುತ್ತು ನೂರೈವತ್ತು ಮೀಟರು;
ಸುತ್ತಿ ಬರುವಷ್ಟರಲ್ಲಿ ಮೂವರು ಮುಂದೆ.

ಸೋತದ್ದನ್ನು ಯಾಕಮ್ಮ ಹೊತ್ತು ತಿರುಗುವುದು?
ಬೆನ್ನಿನದು ನನಗೆಲ್ಲಿ ಕಾಣುತ್ತದೆ, ಅಂದಳು.
ಹಿಂದೆ ಬರುವವರಿಗೆ ಕಾಣುತ್ತದೆ.
ಇವಳದಿನ್ನೂ ಒಂದು ಬಾಕಿ ಇದೆ ಅಂದುಕೊಳ್ಳಲಿ.

ಆಮೇಲೆ ಮರ ಹೊರಳಿಸಿ ಹೆಬ್ಬೆರಳಿಟ್ಟಳು:
ಇಲ್ಲಿ ಬಣ್ಣ ಬೇಡ. ಇಲ್ಲಿ ನನ್ನ ಕೆನ್ನೆ ಬರುತ್ತದೆ.
ವಾರ್ನಿಷ್ಷಾದರೂ? ಬೇಡ.
ಬರಿ ಮರ ನೀರು ಕುಡಿಯುತ್ತದೆ, ಅಂದೆ.
ಕುಡಿಯಲಿ.

ಹನ್ನೊಂದು ದಿನ.
ನಾನೂರರ ಉಪ್ಪುಕಾಗದ, ಎಂಟುನೂರರದು, ಒದ್ದೆ ಬಟ್ಟೆ.
ಹಳೆಯ ಎಣ್ಣೆ ಬಿಡಿಸುವಾಗ ಮರದ ವಾಸನೆ ಎದ್ದು
ಶೆಡ್ಡಿಗೆ ಶೆಡ್ಡೇ ಮೈತೊಳೆದ ಕುದುರೆ.
ತಳಕ್ಕೆ ಬೂದಿ. ಅದರ ಮೇಲೆ ಜೌಗು ನೆಲದ ಬಣ್ಣ
(ಅದು ನನ್ನ ಹಟ, ಅವಳು ಕೇಳಿರಲಿಲ್ಲ):
ಸೆಪ್ಟೆಂಬರಿನ ಪಾಚಿ, ತುಕ್ಕು ನೀರು,
ನೀರಿನ ಮೇಲೆ ಬೆಳಗಿನ ಜಾವ ಕೆನೆಗಟ್ಟುವ ಮಂಜು.
ಪದರ ಪದರಕ್ಕೂ ತಕ್ಕಡಿಗಿಟ್ಟೆ.
ಬಣ್ಣಕ್ಕೂ ಭಾರವಿದೆ. ಇಪ್ಪತ್ತಾರು ಗ್ರಾಂ,
ಏರು ಹತ್ತುವಾಗ ಇಪ್ಪತ್ತಾರೂ ಲೆಕ್ಕ ಕೇಳುತ್ತವೆ.

ಬಿಳಿಯವು ನಾಲ್ಕೂ ಸಲೀಸಾಗಿ ಕೂತವು.
ಕಪ್ಪನ್ನು ಮೂರು ಸಲ ಅಳಿಸಿದೆ:
ಒಮ್ಮೆ ಅಂಗಿಯ ಗುಂಡಿ, ಒಮ್ಮೆ ಇಲಿ ಕೊರೆದ ತೂತು,
ಇನ್ನೊಮ್ಮೆ, ನನ್ನವಳು ವೀರ್ವೆ ಇಣುಕಿ ಅಂದಂತೆ,
ಸೀದ ಪ್ಯಾನ್‌ಕೇಕು.
ನಾಲ್ಕನೆಯ ಸಲ ಉಸಿರು ಅರ್ಧ ಬಿಟ್ಟು
ಅರ್ಧ ಹಿಡಿದೆ, ಅವರು ಹಿಡಿಯುವ ಹಾಗೆ.
ಕೂತಿತು.

ಫೆಬ್ರವರಿ, ಮೈನಸ್ ಹದಿನಾಲ್ಕು, ಬೇಲಿಗೆ ಒರಗಿ ನಿಂತಿದ್ದೆ.
ಬಂದಳು, ಹೋದಳು,
ನಾನು ಬರೆದ ಕಾಗದವನ್ನು ಗಾಳಿ ಹೊತ್ತೊಯ್ದ ಹಾಗೆ.
ಹಿಂದೆಯೇ ಲಾಟ್ವಿಯದ ಹುಡುಗಿಯೊಬ್ಬಳು
ಏರಿನುದ್ದಕ್ಕೂ ಆ ಕಪ್ಪನ್ನೇ ನೋಡುತ್ತ,
ಕಣ್ಣು ಕಿತ್ತುಕೊಳ್ಳಲಾಗದೆ.
ಎಷ್ಟನೆಯವಳಾದಳು ಅಂತ ಕೇಳಬೇಡಿ,
ಹೇಳಿದರೆ ಅದನ್ನೇ ನೆನಪಿಟ್ಟುಕೊಳ್ಳುತ್ತೀರಿ.

ಏಪ್ರಿಲಿನಲ್ಲಿ ಮತ್ತೆ ತಂದಳು. ಇಳಿಜಾರಿನಲ್ಲಿ ಬಿದ್ದು
ತುದಿ ಒಡೆದಿತ್ತು. ಅವಸರವಿಲ್ಲ, ಅಂದಳು.
ಕಪ್ಪನ್ನು ಬೆಳ್ಳಗೆ ಮಾಡಲೇ ಅಂತ ನಾನು ಕೇಳಲಿಲ್ಲ,
ಅವಳೂ ಆ ಮಾತೆತ್ತಲಿಲ್ಲ.

ಹೋದ ಮೇಲೆ ಕಿಟಕಿಗೆ ಹಿಡಿದೆ.
ಬೋಳು ಬಿಟ್ಟ ಕಡೆ
ಬೆವರು, ಕರಗಿದ ಹಿಮ, ಚಳಿಗೆ ಬಳಿದ ಮುಲಾಮು
ಎಲ್ಲ ಕುಡಿದು ಮರ ಜೇನಿನ ಬಣ್ಣಕ್ಕೆ ತಿರುಗಿತ್ತು,
ದವಡೆ ತಾಗುವಲ್ಲಿ ತುಸು ಹೆಚ್ಚು.
ಮೂವತ್ತೊಂದು ವರ್ಷ, ಎಷ್ಟೆಲ್ಲ ಡಬ್ಬಿ ಖಾಲಿ ಮಾಡಿದೆ,
ಈ ಹೊಳಪು ನನ್ನ ಕೈಗೆ ಬಂದದ್ದಿಲ್ಲ.

ಒಡೆದ ತುದಿಗೆ ಅಂಟು ಕಲಸಿದೆ.
ಅದಕ್ಕೂ ಮೊದಲು ಕೈ ತೊಳೆದೆ, ಎರಡು ಸಲ,
ಮತ್ತೆ ಆ ಜಾಗಕ್ಕೆ ಬೆರಳು ತಾಗದ ಹಾಗೆ
ಹಿಡಿದುಕೊಂಡೆ.