ಕಾಲುಬಾಯಿ

ಹಮ್ರಿಯಾ ಬಂದರಿನಿಂದ ಕಣ್ಣಳತೆಯ ದೂರದಲ್ಲಿ
ಆರು ದಿನದಿಂದ ಒಂದು ಮಂಜಿ ನಿಂತಿದೆ.
ಬರ್ಬೆರಾದಿಂದ ಬಂದದ್ದು. ಕರಿತಲೆ, ಬಿಳಿಮೈಯ ಕುರಿಗಳು,
ನನ್ನ ಕಡತದ ಪ್ರಕಾರ ಎಂಟುನೂರ ಹನ್ನೆರಡು.
ಗಾಳಿ ಇತ್ತ ಬೀಸಿದಾಗ ಕಡತ ಬೇಡ,
ಮೂಗಿಗೇ ಗೊತ್ತಾಗುತ್ತದೆ.

ಅವು ಹೊರಟಾಗ ದಾರಿ ತೆರೆದಿತ್ತು.
ನಡುನೀರಿನಲ್ಲಿರುವಾಗ ಸುತ್ತೋಲೆ ಬಂತು:
ಆ ದಡದ ಯಾವ ಗೊರಸೂ ಈ ದಡ ಮುಟ್ಟಬಾರದು;
ತೊಗಲು, ಉಣ್ಣೆ, ಕೊಂಬು, ಹಾಲಿನ ಪುಡಿ ಕೂಡ.
ಅರಬಿಯಲ್ಲಿ ರೋಗದ ಹೆಸರು ಉದ್ದ. ನಾಲಿಗೆ ಹೊರಳದೆ
ಅಂಚಿನಲ್ಲಿ ಪೆನ್ಸಿಲಿನಿಂದ ನಮ್ಮ ಮಾತಿನಲ್ಲಿ ಬರೆದುಕೊಂಡೆ:
ಕಾಲುಬಾಯಿ.

ನಮ್ಮ ಹಟ್ಟಿಗೂ ಒಮ್ಮೆ ಬಂದಿತ್ತು ಅದು.
ಅಜ್ಜಿ ಎಣ್ಣೆಯಲ್ಲಿ ಅರಸಿನ ಕಲಸಿ ಗೊರಸಿನ ಸಂದಿಗೆ ಹಚ್ಚುತ್ತ
ನೆರೆಮನೆಗೆ ಮಜ್ಜಿಗೆ ಕೊಡುವುದನ್ನು ತಾನಾಗಿ ನಿಲ್ಲಿಸಿದಳು.
ಯಾರೂ ಸುತ್ತೋಲೆ ಕಳಿಸಿರಲಿಲ್ಲ.
ಕೇಳಲು ಬಂದ ಹುಡುಗಿಯನ್ನು ತಡಮೆಯ ಆಚೆಯೇ ನಿಲ್ಲಿಸಿ
"ಇವತ್ತು ಇಲ್ಲ ಮಗಾ" ಅಂದಳು.
ಹುಡುಗಿ ಖಾಲಿ ಗಿಂಡಿಯೊಳಗೆ ಬಗ್ಗಿ ನೋಡಿಕೊಂಡಳು,
ಏನಾದರೂ ಇದ್ದೀತು ಎಂಬಂತೆ.

ನಾಯಿಫ್‌ನಿಂದ ಇದಿನಬ್ಬನ ಫೋನು, ದಿನಕ್ಕೆ ಮೂರು ಸಲ:
"ಹಬ್ಬಕ್ಕೆ ಇನ್ನು ಒಂಬತ್ತೇ ದಿನ ಮಾರಾಯ,
ಮುಂಗಡದ ಚೀಟಿ ತುಂಬಿ ಗಲ್ಲಾಪೆಟ್ಟಿಗೆ ಮುಚ್ಚುವುದಿಲ್ಲ,
ಆಸ್ಟ್ರೇಲಿಯದ ತಣ್ಣಗಿನ ಮಾಂಸ ತೋರಿಸಿದರೆ ಬಯ್ಯುತ್ತಾರೆ.
ಒಂದು ಠಸ್ಸೆ ಅಲ್ವಾ?"
ಒಂದು ಠಸ್ಸೆಯೇ. ಮೇಜಿನ ಮೇಲೆಯೇ ಇದೆ,
ಶಾಯಿ ಒಣಗಿದೆ.

ಏಳನೆಯ ದಿನ ಡಾಕ್ಟರ್ ಇಜ್ಜೆದ್ದೀನರ ಜೊತೆ ದೋಣಿ ಹತ್ತಿದೆ,
ರಕ್ತದ ಕೊಳವೆಗಳ ಪೆಟ್ಟಿಗೆ ತೊಡೆಯ ಮೇಲೆ.
ಅವರು ತುಟಿ ಮಗುಚಿ, ಒಸಡು ನೋಡಿ,
ಗೊರಸೆತ್ತಿ ಮೆಲ್ಲಗೆ ಕೆಳಗಿಡುತ್ತ ಹೋದರು.
ಹುಣ್ಣಿಲ್ಲ. "ಇಲ್ಲಿಯವರೆಗೆ," ಅಂದರು,
ಹದಿನಾಲ್ಕು ದಿನ ತುಂಬದೆ ಒಂದು ಶಬ್ದ ಹೆಚ್ಚು ಆಡದ ಮನುಷ್ಯ.
ನಾಖುದಾ ಗೂಲೇದ್ ಉಳಿದ ಮೇವಿನ ಕಟ್ಟುಗಳನ್ನು ಬೆರಳಲ್ಲಿ ತೋರಿಸಿದ:
ನಾಲ್ಕು.
ಅವನಿಗೂ ಇಳಿಯಲು ಅಪ್ಪಣೆಯಿಲ್ಲ. ಕಾಲಿದೆ, ದಡವಿಲ್ಲ.
ಬಾಯಿದೆ, ಯಾವ ಕಿಟಕಿಯಲ್ಲಿ ಹೇಳಬೇಕೆಂದು ಗೊತ್ತಿಲ್ಲ.

ಕೂವೆಮರದ ಬುಡದ ನೆರಳಿನಲ್ಲಿ ಒಂದು ಮರಿ.
ನಿನ್ನೆ ರಾತ್ರಿ ಹುಟ್ಟಿದ್ದಂತೆ. ಬೀಳುತ್ತಿತ್ತು, ಏಳುತ್ತಿತ್ತು,
ನೆಲವೆಂದರೆ ತೂಗುವುದೇ ಎಂದು ನಂಬಿ.
ಸತ್ತ ಮೂರಕ್ಕೆ ಕಾಗದದಲ್ಲಿ ಜಾಗವಿದೆ,
ಹುಟ್ಟಿದ ಒಂದಕ್ಕೆ ಇಲ್ಲ.
'ಮೂಲ ದೇಶ' ಎಂಬಲ್ಲಿ ನನ್ನ ಪೆನ್ನು ನಿಂತಿತು.
ಡಾಕ್ಟರ್ ಸಮುದ್ರದ ಕಡೆ ನೋಡಿದರು. ಸಹಾಯ ಮಾಡಲಿಲ್ಲ.

ದಡಕ್ಕೆ ಬಂದು ಮದ್ದುನೀರಿನ ತಟ್ಟೆಯಲ್ಲಿ ಬೂಟು ಅದ್ದಿ ನಿಂತೆ,
ನಿಯಮದಂತೆ, ಎರಡು ನಿಮಿಷ.
ಫೋನು ಬಡಿದುಕೊಂಡಿತು.
"ಇವತ್ತು ಇಲ್ಲ," ಅಂದೆ.
ಇದಿನಬ್ಬ ಬಯ್ಯಲಿಲ್ಲ.
ಆ ಕಡೆ ಕತ್ತಿ ಮಸೆಯುತ್ತಿದ್ದ ಸದ್ದು
ನಿಂತದ್ದು ಕೇಳಿಸಿತು.