ಹ್ಯಾಟಿ ಕುಂಟಿದ ಜಾಗ

ಕುದುರೆ ಕುಂಟಿತಂತೆ. ಇಳಿದು ನೋಡಿದರೆ
ಗೊರಸಿಗೆ ಸಿಕ್ಕಿದ ಕಲ್ಲಿನಲ್ಲಿ ಹಳದಿ ಗೆರೆ.
ಆರು ವಾರದಲ್ಲಿ ಮುನ್ನೂರು ಡೇರೆ.
ಊರಿಗೆ ಕುದುರೆಯದೇ ಹೆಸರು: ಹ್ಯಾಟೀಸ್ ಲಿಂಪ್.
ಹ್ಯಾಟಿ ಮಾತ್ರ ಆ ಬೇಸಿಗೆ ದಾಟಲಿಲ್ಲ.

ಪಡುವಣ ಆಸ್ಟ್ರೇಲಿಯದ ಕೆಂಪು ನೆಲ.
ಚಿನ್ನಕ್ಕೆ ಬರವಿರಲಿಲ್ಲ, ಮೊದಮೊದಲು. ಬರ ಇದ್ದದ್ದು ನೀರಿಗೆ.
ಹಾಗಾಗಿ ಊರ ಚರಿತ್ರೆ ಉಳಿದಿರುವುದು
ಆಗ್ನೆಸ್ ಪಾಸ್ಕೋ ಎಂಬಾಕೆಯ ನೀರಿನ ಲೆಕ್ಕದ ಪುಸ್ತಕದಲ್ಲಿ.
ಉಪ್ಪುಕೆರೆಯ ನೀರು ಕುದಿಸಿ, ಆವಿ ಹಿಡಿದು, ಹನಿ ಕೂಡಿಸಿ
ಗ್ಯಾಲನ್ನಿಗೆ ಎರಡು ಶಿಲಿಂಗ್.
ಒಲೆ ಹೂಡಿದವನು ಗಂಡ;
ಅವನು ಟೈಫಾಯ್ಡಿಗೆ ಹೋದಮೇಲೂ ಅದು ಆರಲಿಲ್ಲ.

ಮಾರ್ಚ್ ನಾಲ್ಕು: ಟ್ರೆಗಿಯರ್, ಅರ್ಧ ಗ್ಯಾಲನ್, ಸಾಲ.
ಮಾರ್ಚ್ ಏಳು: ಟ್ರೆಗಿಯರ್, ಅರ್ಧ ಗ್ಯಾಲನ್, ಸಾಲ.
ಮಾರ್ಚ್ ಒಂಬತ್ತು: ಟ್ರೆಗಿಯರ್, ಮೈ ತೊಳೆಸಲು, ಒಂದು ಬಕೆಟ್.
ದುಡ್ಡಿನ ಕಾಲಂ ಖಾಲಿ.

ಒಂಟೆಯ ದೋಸ್ತ್ ಖೈರ್: ನಮಾಜಿಗೆ ಮುನ್ನ ಕೈಕಾಲಿಗೆ ಒಂದು ಚೊಂಬು.
ಪಕ್ಕದಲ್ಲಿ ಪೆನ್ಸಿಲಿನಲ್ಲಿ: ‘ನೀರಿಲ್ಲದಿದ್ದರೆ ಮಣ್ಣೂ ಆದೀತಂತೆ,
ಅವರ ದೇವರು ಒಪ್ಪುತ್ತಾನಂತೆ. ನಮ್ಮವನನ್ನು ಕೇಳಬೇಕು.’

ಇನ್ನೊಂದು ಸಾಲು, ವಾರ ವಾರವೂ, ಹೆಸರಿಲ್ಲದೆ:
‘ಕಪ್ಪು ಹೆಂಗಸು. ಒಂದು ಮಗ್ಗು. ಸೌದೆ ತಂದದ್ದಕ್ಕೆ.’

ಅದರ ಮೇಲೆ ಬೆರಳಿಟ್ಟು ಡೋರೀನ್ ನಕ್ಕಳು:
‘ನನ್ನ ಮುತ್ತಜ್ಜಿ. ಬಾಯಾರಿ ಬಿದ್ದಿದ್ದ ಕುದುರೆಯವನಿಗೆ
ಬಂಡೆಯೊಳಗಿನ ನೀರು ತೋರಿಸಿದವಳು.
ಅವನ ಹಿಂದೆ ನಲವತ್ತು ಒಂಟೆ ಬಂದವು.
ಒಂದೇ ಮಧ್ಯಾಹ್ನಕ್ಕೆ ತಳ ಕಂಡಿತು.’

ಚಿನ್ನದ ಎಳೆ ಒಂದು ದಿನ ನೆಲದೊಳಗೇ ಕಡಿಯಿತು.
ಅಷ್ಟರಲ್ಲಿ ಸುತ್ತಲ ಮುಲ್ಗಾ ಮರವೆಲ್ಲ ಒಲೆಗೆ ಹೋಗಿತ್ತು.
ಬಾಗಿಲು, ಕಿಟಕಿ, ತಗಡಿನ ಮಾಡು ಕಳಚಿ ಹೇರಿಕೊಂಡು
ಊರೇ ಎದ್ದು ಮುಂದಿನ ಗಾಳಿಸುದ್ದಿಯ ಕಡೆ ನಡೆಯಿತು.
ಚರ್ಚೂ ಹೋಯಿತು, ಒಂಟೆಯ ಬೆನ್ನ ಮೇಲೆ,
ಹೆಜ್ಜೆಗೊಮ್ಮೆ ಗಂಟೆ ಹೊಡೆಯುತ್ತ.
ಆಗ್ನೆಸ್‌ಳ ಕೊನೆಯ ಪುಟ:
‘ಬರಬೇಕಾದದ್ದು ನೂರ ಹದಿನಾಲ್ಕು ಪೌಂಡು. ಬರುವುದು’
ಮುಂದೆ ಬರೆದಿಲ್ಲ.

ಈಗ ತುಕ್ಕು ಹಿಡಿದ ಸಾರ್ಡೀನ್ ಡಬ್ಬಿ, ಹಸಿರು ಸೀಸೆಯ ಚೂರು,
ಬೇಲಿಯಿಲ್ಲದ ಹತ್ತೊಂಬತ್ತು ಗೋರಿ.
ಮುರಿದ ಕೊಳವೆಯೊಳಗೆ ಹರಳುಗಟ್ಟಿದ ಉಪ್ಪು.
ನಾಲಿಗೆಗೆ ತಾಗಿಸಿದೆ. ರುಚಿ ಕೆಟ್ಟಿಲ್ಲ.

ಡೋರೀನ್ ಒಂದು ಚಪ್ಪಟೆ ಕಲ್ಲು ಸರಿಸಿದಳು.
ಕೆಳಗೆ ಬೊಗಸೆಯಷ್ಟು ಕತ್ತಲು, ಕತ್ತಲಲ್ಲಿ ನೀರು.
ಕುಡಿದಳು. ನನಗೂ ಕೊಟ್ಟಳು.
ಎಷ್ಟಾಯಿತು ಅಂದೆ, ತಮಾಷೆಗೆ.
ಮಾತಾಡಲಿಲ್ಲ. ಕಲ್ಲು ಮುಚ್ಚಿ, ಸಂದಿಗೆ ಮಣ್ಣು ಮೆತ್ತಿ,
ಒಂದು ಕೊಂಬೆ ಮುರಿದು
ಬಂದ ದಾರಿಯ ಹೆಜ್ಜೆ ಗುಡಿಸತೊಡಗಿದಳು,
ನನ್ನವನ್ನು ಮೊದಲು.