ಎರಡನೇ ಬ್ರೇಕು

ನಿಂತ ಗಾಡಿಗೆ ನಿದ್ದೆ ಎಲ್ಲಿಯದು,
ಒಳಗೊಳಗೇ ಹುಳಿಯುತ್ತದೆ.
ಟ್ಯಾಂಕಿನ ಮುಚ್ಚಳ ತಿರುಗಿಸಿ, ಮೂಗಿಟ್ಟು,
ಬಾಬಾಜಾನ್ ಹೇಳಿದ್ದು ಇಷ್ಟೇ:
"ಪೆಟ್ರೋಲಲ್ಲ ಮೇಡಮ್, ಇದು ವಾರ್ನಿಷು."

ಆರು ವರ್ಷ, ಗುತ್ತಲು ರಸ್ತೆಯಲ್ಲಿ,
ನಾದಿನಿಯ ಗಂಡನ ಹಿಟ್ಟಿನ ಗಿರಣಿಯ ಹಿಂದೆ
ರಾಗಿ ಧೂಳು ಹೊದ್ದು ನಿಂತಿತ್ತು
ಕೆಎ ಹನ್ನೊಂದರ ಬಿಳಿ ಮಾರುತಿ.
ಬಾಗಿಲ ಮೇಲೆ ಇನ್ನೂ ಓದಬಹುದು,
ನಿಮಿಷಾಂಬ ಮೋಟಾರ್ ಡ್ರೈವಿಂಗ್ ಸ್ಕೂಲ್.
ನಿಮಿಷದಲ್ಲಿ ಯಾರೂ ಕಲಿಯಲಿಲ್ಲ, ಬಿಡಿ.
ಸಕ್ಕರೆ ಫ್ಯಾಕ್ಟರಿಯ ಗುಮಾಸ್ತರು,
ಮಿಮ್ಸ್ ಆಸ್ಪತ್ರೆಯ ಇಬ್ಬರು ನರ್ಸುಗಳು,
ಕ್ಲಚ್ಚು ಬಿಡುವಾಗ ಕಣ್ಣು ಮುಚ್ಚುತ್ತಿದ್ದ ಪುರೋಹಿತರು,
ಎಲ್ಲರ ಎಡಕ್ಕೆ ನಾನು.
ನನ್ನ ಕಾಲಡಿ ಇನ್ನೊಂದು ಬ್ರೇಕು.

ಏರ್ ಫಿಲ್ಟರಿನಲ್ಲಿ ಇಲಿಯೊಂದು
ಬಾಣಂತನ ಮುಗಿಸಿ ಹೋಗಿತ್ತು.
ಹಾಸಿಗೆಗೆ ಹರಿದುಕೊಂಡದ್ದು ಎಲ್ಲೆಲ್ಲಾರ್ ಅರ್ಜಿ,
ಜೊತೆಗೆ ಯಾರದೋ ಫೋಟೋ,
ಒಂದು ಕಿವಿ ಮಾತ್ರ ಉಳಿದಿತ್ತು.
ಕಾರ್ಬೊರೇಟರಿನ ಜೆಟ್ಟಿಗೆ ಸೂಜಿಕಣ್ಣು,
ಆ ಕಣ್ಣಿಗೆ ಜೋನಿಬೆಲ್ಲದಂಥ ಪೊರೆ.
ಹುಡುಗ ಕೆಂಪರಾಜ ತೊಳೆದು, ಊದಿ, ಬಿಸಿಲಿಗೆ ಹಿಡಿದು
"ಕಾಣ್ತದೆ ಸಾ, ಆಚೆ ಕಾಣ್ತದೆ" ಅಂದ.

ಹೊಸ ಬ್ಯಾಟರಿ, ಹೊಸ ಪೆಟ್ರೋಲು.
ಹತ್ತಿತು.
ಹತ್ತಿ, ನಡುಗಿತು.
ಬಾನೆಟ್ಟಿನ ಮೇಲಿಟ್ಟ ಸ್ಪ್ಯಾನರು
ತಾನೇ ನಡೆದು ಕೆಳಗೆ ಬಿತ್ತು.

ಇದರದ್ದು ಮೂರೇ ಸಿಲಿಂಡರು,
ಮೂರು ಗುಂಡಿನ ಒಲೆ;
ಒಂದು ಗುಂಡು ಜರುಗಿದರೂ ಮಡಕೆ ವಾಲುತ್ತದೆ.
ಒಂದರ ವಯರು ಕಿತ್ತ, ಎಂಜಿನ್ನು ಕುಸಿಯಿತು.
ಎರಡರದು ಕಿತ್ತ, ಇನ್ನೇನು ನಿಂತೇಹೋಯಿತು ಅನ್ನುವಷ್ಟು.
ಮೂರರದು ಕಿತ್ತರೆ ಏನೂ ಆಗಲಿಲ್ಲ.
ಇದ್ದರೂ ಇಲ್ಲದಿದ್ದರೂ ಲೆಕ್ಕಕ್ಕೆ ಬಾರದವರು
ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ,
ಬಾಬಾಜಾನ್ ಅದನ್ನು ಬೈಯಲಿಲ್ಲ.
ಪ್ಲಗ್ಗು ಅದಲುಬದಲು ಮಾಡಿದ,
ರೋಗ ಪ್ಲಗ್ಗಿನ ಹಿಂದೆ ಹೋಗಲಿಲ್ಲ.
ವಯರು ಬದಲಿಸಿದ. ಅದರ ಹಿಂದೆಯೂ ಇಲ್ಲ.
ಕಂಪ್ರೆಷನ್ ಹಿಡಿದು ನೋಡಿದ, ಮೂರೂ ಸಮ.
"ಕಾಲು ಗಟ್ಟಿ ಅವೆ ಮೇಡಮ್,
ನಡಿಯಕ್ಕೆ ಮನಸಿಲ್ಲ."

ಟೀ ಬಂತು. ಬಿಸಿಲಿತ್ತು. ನಾನು ಒಳಗೆ ಕೂತೆ,
ಅಭ್ಯಾಸಬಲ, ಎಡಗಡೆಯೇ.
ಕಾಲು ತನ್ನ ಜಾಗ ತಾನೇ ಹುಡುಕಿಕೊಂಡಿತು.
ಒತ್ತಿದೆ,
ನಡುಕದ ಲಯ ಬದಲಾಯಿತು.
ಬಿಟ್ಟೆ, ಮತ್ತೆ ಹಳೆಯದೇ.
ಒತ್ತಿದೆ.
ಹತ್ತೊಂಬತ್ತು ವರ್ಷ ಬೇರೆಯವರ ಕಾಲಿನ ಭಯವನ್ನು
ಸೀಟಿನಡಿಯಿಂದ ಕೇಳಿಸಿಕೊಂಡವಳು ನಾನು,
ಇದು ನನಗೆ ಗೊತ್ತಾಗದೆ ಇರುತ್ತದೆಯೇ?
"ಬಾಬಾಜಾನ್, ಬ್ರೇಕಿಗೂ ಎಂಜಿನ್ನಿಗೂ ಏನು ನೆಂಟಸ್ತಿಕೆ?"

ಟೀ ಅಲ್ಲೇ ಬಿಟ್ಟ.
ಬೂಸ್ಟರಿನಿಂದ ಹೊರಟ ಕಪ್ಪು ಹೋಸಿನ ಮೇಲೆ
ಬೆರಳಾಡಿಸುತ್ತ ಹೋದ, ನಾಡಿ ಹಿಡಿಯುವವನಂತೆ.
ಮೂರನೆಯದರ ಬಾಯಿಯ ಹತ್ತಿರ, ಕ್ಲಿಪ್ಪಿನ ಕೆಳಗೆ,
ಕಣ್ಣಿಗೆ ಕಾಣದ ಕಡೆ, ಉದ್ದಕ್ಕೆ ಸೀಳು.
ಎರಡು ಬೆರಳಲ್ಲಿ ಅಮುಕಿದ.
ಗ್ಯಾರೇಜು ಒಮ್ಮೆಲೇ ದೊಡ್ಡದಾಯಿತು:
ಪಕ್ಕದ ವೆಲ್ಡಿಂಗ್ ಶಾಪು, ಕಾಗೆ,
ಕೆಂಪರಾಜ ಟೀ ಸೊರಗುಟ್ಟುವುದು, ಎಲ್ಲ ಕೇಳಿಸಿತು.
"ಕಳ್ಳಗಾಳಿ," ಅಂದ. "ಪಾಪದ್ದು,
ಊಟ ಸಾಲ್ದೆ ಬರೀ ಗಾಳಿ ಕುಡೀತಿತ್ತು."

ಹಳೇ ಟೆಂಪೋದ ಹೋಸು ಕತ್ತರಿಸಿ ಹಾಕಿದ.
ಕೊಳ್ಳುವವರು ಸೋಮವಾರ ಮದ್ದೂರಿನಿಂದ ಬರುತ್ತಾರೆ.
"ಆ ಎರಡ್ನೇದು ಬಿಚ್ಚಾಕ್ಬುಡ್ಲಾ ಮೇಡಮ್?
ಅವ್ರಿಗ್ಯಾಕೆ?"
ನಾಳೆ ನೋಡೋಣ, ಅಂದೆ.

ಅವನು ಓಡಿಸಿದ, ನಾನು ಎಡಕ್ಕೆ.
ಎರಡನೇ ಗೇರಿನಲ್ಲಿ ಸಣ್ಣದೊಂದು ಬಿಕ್ಕಳಿಕೆ ಇನ್ನೂ ಇದೆ,
ಅದು ಯಾವುದರದ್ದೋ ಗೊತ್ತಿಲ್ಲ.
ಫ್ಯಾಕ್ಟರಿ ಸರ್ಕಲ್ಲಿನಲ್ಲಿ ಕಬ್ಬಿನ ಟ್ರ್ಯಾಕ್ಟರು
ಕೈ ತೋರಿಸದೆ ಹೊರಳಿತು.
ಅವನಿಗಿಂತ ಮೊದಲು ಒತ್ತಿದ್ದು ನಾನು.
ಗಾಡಿ ನಿಂತಿತು.
ಎಂಜಿನ್ನು ನಿಲ್ಲಲಿಲ್ಲ,
ಒಂದು, ಮೂರು, ಎರಡು,
ಒಂದು, ಮೂರು, ಎರಡು,
ತನ್ನದೇ ಮಗ್ಗಿ ಒಪ್ಪಿಸುತ್ತಲೇ ಇತ್ತು.